ವಾಸಿಯಾಗಿ ಮನೆಗೆ ಬಂದವರು

ಮೊನ್ನೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಕೊತ್ತಂಬರಿ ಸೊಪ್ಪು ತುಂಬಿದ ಗೂಡ್ಸ್ ಆಟೋವೊಂದು ಪಕ್ಕದಲ್ಲೇ ಹಾದುಹೋಯಿತು. ಆ ಹಸಿ ವಾಸನೆಗೆ ಭೀಮನಬೀಡಿನ ನಮ್ಮ ಎದುರು ಮನೆ ಚಿಕ್ಕಮ್ಮ ನೆನಪಾದರು. ಅವರ ಯಜಮಾನರು ಇಂಥದೇ ಗಾಡಿಯಲ್ಲಿ ಕೇರಳಕ್ಕೆ ತರಕಾರಿ ಸಾಗಿಸುತ್ತಿದ್ದರು. ಮಕ್ಕಳಿರಲಿಲ್ಲ. ಸಂಜೆ ಗಾಡಿಯ ಸದ್ದು ಕೇಳಿದ ಮೇಲೆಯೇ ಚಿಕ್ಕಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದುದು...

ಚಿಕ್ಕಪ್ಪನಿಗೆ ಎದೆನೋವು ಬಂದಾಗ ಮೈಸೂರಿಗೆ ಜೊತೆಯಲ್ಲಿ ಹೋದವನು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ ಬೆಡ್ ಸಿಗದೆ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ತಡಮಾಡದೆ ಹೃದಯದ ಆಪರೇಷನ್ ಆಗಬೇಕು ಅಂದರು ಡಾಕ್ಟರು. ಆಮೇಲೆ ಕೌಂಟರಿನವಳು ಖರ್ಚು ಹೇಳಿ, ವಿಮೆ ಇದೆಯೇ ಎಂದು ಕೇಳಿದಳು.

"ಗಾಡೀಗದೆ ಕಣವ್ವ," ಅಂದರು ಚಿಕ್ಕಮ್ಮ.

ಗಾಡಿ, ಕಿವಿಯ ಓಲೆ ಎಲ್ಲ ಮಾರಿದರೂ ಅರ್ಧಕ್ಕೂ ಸಾಲುತ್ತಿರಲಿಲ್ಲ. ಅವರು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ನಲ್ಲಿಯಲ್ಲಿ ಮುಖ ತೊಳೆದು ವಾರ್ಡಿನೊಳಗೆ ಹೋದರು.

"ಆಪ್ರೇಸನ್ ಬ್ಯಾಡ್ವಂತೆ. ಮಾತ್ರೇಲೇ ವಾಸಿ ಆಯ್ತದಂತೆ. ಮನೇಗ್ ಓಗನ ಏಳಿ."

ಚಿಕ್ಕಪ್ಪನ ಮುಖ ಅರಳಿತು. "ನಂಗೊತ್ತಿತ್ತು ಕಣಮ್ಮಿ!"

ಊರಿಗೆ ಬಂದ ಮೇಲೆ ಚಿಕ್ಕಪ್ಪ, ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಚಿಕ್ಕಮ್ಮ ನಗುತ್ತಲೇ ಎಲ್ಲರಿಗೂ ಕಾಫಿ ಕೊಟ್ಟರು. ನೀನು ಪುಣ್ಯವಂತೆ ಅಂದವರಿಗೆ ತಲೆಯಾಡಿಸಿದರು. ಆಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಒಬ್ಬರೇ ಕೂತಿರುತ್ತಿದ್ದರು... ನಾನು ಹತ್ತಿರ ಹೋದರೆ ಏನೋ ಕೆಲಸ ನೆನಪಾದವರಂತೆ ಎದ್ದುಬಿಡುತ್ತಿದ್ದರು.

ಕೆಲವು ದಿನ ಕಳೆದಿರಬೇಕು. ಬೆಳಗ್ಗೆ ಗಾಡಿಯ ಗಾಜು ಒರೆಸುತ್ತಿದ್ದ ಚಿಕ್ಕಪ್ಪ ಅಲ್ಲೇ ಕುಸಿದರು. ಎತ್ತಿಕೊಳ್ಳುವಷ್ಟರಲ್ಲಿ ಉಸಿರು ನಿಂತಿತ್ತು.

"ವಾಸಿ ಆಯ್ತದೆ ಅಂತ ಸುಳ್ಳೇಳಿ ಕಳ್ಸವ್ನಲ್ಲ, ಅವ್ನೂ ಒಬ್ಬ ಡಾಕ್ಟ್ರಾ?" ಎಂದು ಹೆಣದ ಮುಂದೆಯೇ ಜನ ಬೈದರು. ಚಿಕ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆದರು.

"ನಿಜ ಏಳಿದ್ರೆ ಅವ್ರೇನಂತಿದ್ರೋ... ಸಾಲನಾದ್ರೂ ಮಾಡು, ನಾ ಬದುಕ್ಬೇಕು ಅಂತಿದ್ರೇನೋ. ಅವ್ರ್ ಜೀವ, ಅವ್ರನ್ನ ಒಂದ್ ಮಾತು ಕೇಳ್ನೇ ಇಲ್ವಲ್ಲಪ್ಪ ನಾನು."

ಅವರು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಹೋದ ವರ್ಷ ಚಿಕ್ಕಮ್ಮನೂ ತೀರಿಕೊಂಡರು. ಆ ಮನೆಯಲ್ಲೀಗ ಬೇರೆಯವರಿದ್ದಾರೆ. ಊರಿಗೆ ಹೋದಾಗ ಚಿಕ್ಕಪ್ಪನ ಮಾತು ಬಂದರೆ ಜನ ಇವತ್ತಿಗೂ ಆ ಡಾಕ್ಟರನ್ನೇ ಬೈಯುತ್ತಾರೆ. ನಿಜ ಗೊತ್ತಿರುವವನು ಈಗ ನಾನೊಬ್ಬನೇ. ಸುಮ್ಮನೆ ಕೇಳಿಸಿಕೊಂಡು ಎದ್ದು ಬರುತ್ತೇನೆ.