ಬಳೆ ತೊಟ್ಟ ಅಣಬೆ

ಆಗೆಲ್ಲ ಆರಿದ್ರಾ ಮಳೆ ಗುಡುಗಿದ ಮರುದಿನ ನಮ್ಮ ಹಲಗೇರಿಯ ಹೆಂಗಸರು ಕಳೆ ತೆಗೆಯುವುದಕ್ಕೂ ಮೊದಲು ಅಣಬೆ ಹುಡುಕಲು ಹೊಲಕ್ಕೆ ಹೋಗುತ್ತಿದ್ದರು. ಬದುವಿನ ಮೇಲೆ ಆಳೆತ್ತರದ ಹುತ್ತಗಳು ಇನ್ನೂ ಇದ್ದ ಕಾಲ. ಊರಿಗೆ ಮೊಬೈಲು ಬಂದಿತ್ತು. ಆದರೂ ಯಾವ ಅಣಬೆ ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂದು ಕೇಳಲು ಎಲ್ಲರೂ ನಮ್ಮ ಆಯಿಯ ಹತ್ತಿರವೇ ಬರುತ್ತಿದ್ದರು. ಆಯಿ ಎಂದರೆ ನನ್ನ ಅಪ್ಪನ ತಾಯಿ.

ಅವಳು ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಒಂದೊಂದನ್ನೇ ಎತ್ತಿ ನನಗೆ ಹೇಳಿಕೊಡುತ್ತಿದ್ದಳು.

"ಇದು ಹುತ್ತದ್ದು. ನೆತ್ತಿ ಮ್ಯಾಲೆ ಮೊನಚ ಐತಿ ನೋಡು. ಕೆಳಗ ಬಾಲ ಐತಿ, ಹುತ್ತದ ಹೊಟ್ಟಿತನಾ ಇಳದಿರತೈತಿ. ಇದನ್ನ ತಿನ್ನಬೇಕು."

ಇನ್ನೊಂದು ಜಾತಿ ಇತ್ತು. ಅದೂ ಬಿಳಿ, ಅದೂ ಅಷ್ಟೇ ಅಗಲ. ಆದರೆ ದಂಟಿನ ಬುಡ ಉಳ್ಳಾಗಡ್ಡಿಯಂತೆ ಉಬ್ಬಿರುತ್ತಿತ್ತು. ಕೊರಳಲ್ಲೊಂದು ಸಡಿಲವಾದ ಉಂಗುರ, ಬೆರಳಿನಿಂದ ದೂಡಿದರೆ ಮೇಲೆ ಕೆಳಗೆ ಜಾರುವಂಥದ್ದು. ಆಯಿ ಅದನ್ನು 'ಬಳಿ ತೊಟ್ಟಾಕಿ' ಎನ್ನುತ್ತಿದ್ದಳು; ಅದು ವಿಷದ್ದು, ಬಲಿತರೆ ಕೊಡೆಯ ಅಡಿ ಹಸಿರಾಗುತ್ತದೆ ಎಂದೂ ಹೇಳುತ್ತಿದ್ದಳು. ಹುಲ್ಲಿನಲ್ಲಿ ಅವು ದುಂಡಗೆ ಸುತ್ತುಗಟ್ಟಿ ಏಳುತ್ತಿದ್ದವು. ಮಂಜು ಮುಸುಕಿದ ಬೆಳಗಿನಲ್ಲಿ ದೂರದಿಂದ ನೋಡಿದರೆ ಬಿಳಿ ಸೆರಗು ಹೊದ್ದ ಹೆಂಗಸರು ಮಾತಿಲ್ಲದೆ ಕುಳಿತಂತೆ ಕಾಣುತ್ತಿತ್ತು. ಆ ಸುತ್ತಿನೊಳಗೆ ಕಾಲಿಡಲು ಆಯಿ ಬಿಡುತ್ತಿರಲಿಲ್ಲ.

"ಎರಡೂ ಒಂದ ನಮೂನಿ ಅದಾವಲ್ಲ ಆಯಿ?" ಎಂದು ಕೇಳಿದ್ದೆ.

"ಅಕ್ಕತಂಗೇರು ಇದ್ದಂಗ ಅದಾವ. ಅದಕ್ಕ ಕೈಯಾಗ ಹಿಡದು ನೋಡಬೇಕು, ದೂರಿಂದ ನಂಬಬಾರದು."

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ, ಅಪ್ಪನ ತಂಗಿ ಗಂಗತ್ತೆ ಬ್ಯಾಡಗಿಯಿಂದ ತವರಿಗೆ ಬಂದಿದ್ದಳು. ಆಗ ಐದು ತಿಂಗಳ ಬಸುರಿ. ಬಂದ ದಿನದಿಂದ ಅವಳಿಗೆ ಅಣಬೆಯದೇ ಬಯಕೆ. ಒಂದು ಶನಿವಾರ ನಸುಕಿನಲ್ಲಿ ಆಯಿ ಬುಟ್ಟಿ ಹಿಡಿದು ಹೊರಟಳು. ನಾನು ಹಿಂದೆ ನಡೆದೆ.

ಆ ಹೊತ್ತಿಗಾಗಲೇ ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಅವಳು ಒಪ್ಪುತ್ತಿರಲಿಲ್ಲ. ಹಿಂದಿನ ವಾರ ಸೂಜಿಗೆ ದಾರ ಪೋಣಿಸುವಾಗ "ನಿನಗ ಕಾಣವಲ್ದೇನ ಆಯಿ?" ಎಂದು ನಾನು ನಕ್ಕಿದ್ದಕ್ಕೆ ಇಡೀ ದಿನ ಮಾತು ಬಿಟ್ಟಿದ್ದಳು.

ಹುತ್ತದ ಬುಡದಲ್ಲಿ ಏಳೆಂಟು ಅಣಬೆ ಸಿಕ್ಕವು. ಅಲ್ಲಿಂದ ಎರಡು ಮಾರು ದೂರದ ಹುಲ್ಲಿನಲ್ಲಿ ಮತ್ತೆ ನಾಲ್ಕು. ಮಳೆ ಅವುಗಳ ನೆತ್ತಿ ತೊಳೆದು ನುಣುಪು ಮಾಡಿತ್ತು. ಆಯಿ ತಿರುವಿ ಕಿತ್ತಾಗ ಬುಡ ಮುರಿದು ಮಣ್ಣಿನಲ್ಲೇ ಉಳಿಯಿತು. ಒಂದರ ದಂಟಿನ ಮೇಲೆ ನನಗೆ ಸಣ್ಣ ಗೆರೆ ಕಂಡಿತು. ಬಳೆ ಒಡೆದ ಕೈಯಲ್ಲಿ ಉಳಿಯುವ ಗುರುತಿನಂಥ ಗೆರೆ.

"ಆಯಿ..." ಎಂದೆ.

"ಏನವ್ವಾ?"

ಅವಳ ಮುಖ ನೋಡಿದೆ. "ಏನಿಲ್ಲ" ಎಂದೆ.

ಅಣಬೆಯ ಕೊಡೆಯನ್ನು ಕಾಗದದ ಮೇಲೆ ಬೋರಲು ಹಾಕಿಟ್ಟರೆ ಅದರ ಬೀಜದ ಪುಡಿ ಬೀಳುತ್ತದೆ ಎಂದು ವಿಜ್ಞಾನದ ಮಾಸ್ತರರು ಹೇಳಿದ್ದರು. ಮನೆಗೆ ಬಂದವಳೇ ಆ ಗೆರೆಯಿದ್ದ ಅಣಬೆಯನ್ನು ಬುಟ್ಟಿಯಿಂದ ಎತ್ತಿ, ಕೊಡೆ ಮುರಿದು ನೋಟುಬುಕ್ಕಿನ ಮೇಲೆ ಬೋರಲು ಹಾಕಿ, ಮೇಲೊಂದು ಬಟ್ಟಲು ಮುಚ್ಚಿ ಬೆಳಗಿನ ಶಾಲೆಗೆ ಹೋದೆ.

ಮಧ್ಯಾಹ್ನ ಮರಳಿದಾಗ ಮನೆಯಲ್ಲಿ ಬೆಳ್ಳುಳ್ಳಿ, ಕೆಂಪುಖಾರದ ಘಮ. ಅಪ್ಪ ಅವ್ವ ಹೊಲಕ್ಕೆ ಹೋಗಿದ್ದರು. ಆಯಿ, ಗಂಗತ್ತೆ ರೊಟ್ಟಿ ಪಲ್ಯ ಉಂಡು ಮುಗಿಸಿ ನನ್ನ ಪಾಲು ಮುಚ್ಚಿಟ್ಟಿದ್ದರು. ನಾನು ಮೊದಲು ಬಟ್ಟಲು ಎತ್ತಿದೆ. ಕೊಡೆಯ ಕೆಳಗೆ ಚಕ್ಕಡಿ ಗಾಲಿಯ ಅರಗಳಂತೆ ಎಳೆ ಎಳೆಯಾಗಿ ಪುಡಿ ಬಿದ್ದಿತ್ತು. ಪಾಚಿಯ ಬಣ್ಣ.

ನೋಟುಬುಕ್ಕನ್ನು ಹಾಗೆಯೇ ಒಯ್ದು ಆಯಿಯ ಮುಂದೆ ಹಿಡಿದೆ.

"ಏನ ಬಣ್ಣ ಐತಿ?" ಆಯಿ ಕೇಳಿದಳು.

"ಹಸರು."

ಅವಳು ಪುಡಿಯ ಮೇಲೆ ಬೆರಳಾಡಿಸಿದಳು, ಮೂಸಿ ನೋಡಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಪಿಸುದನಿಯಲ್ಲಿ, "ಗಂಗತ್ತಿಗೆ ಹೇಳಬ್ಯಾಡ, ಅಂಜತಾಳ. ಲಗೂ ಹೋಗಿ ಟಂಟಂ ಕರಕೊಂಡ ಬಾ" ಎಂದಳು.

ಟಂಟಂ ಆಟೋದವನು ಉಣ್ಣಲು ಕುಳಿತಿದ್ದ. ಅವನಿಗೆ ಹೇಳಿ ಓಡಿ ಬಂದೆ. ಆಯಿ, ನಾನು ಕಾದೆವು. ಗಂಗತ್ತೆ ಹೊಸ್ತಿಲ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು, "ಕೂಸು ಒದಿಯಾಕತ್ತೈತಿ ನೋಡಬಾ" ಎಂದು ನನ್ನನ್ನು ಕರೆದಳು. ನಾನು ಹೋಗಲಿಲ್ಲ. ಆಯಿ ಅವಳ ಮುಖಕ್ಕೇ ಪೊರೆಗಣ್ಣು ನೆಟ್ಟು, ತುಟಿ ಅಲ್ಲಾಡಿಸುತ್ತ ಕುಳಿತಿದ್ದಳು. ಬರುವುದು ಏನೆಂದು ನಮಗಿಬ್ಬರಿಗೂ ಗೊತ್ತು. ಯಾವಾಗ ಎಂದು ಗೊತ್ತಿರಲಿಲ್ಲ.

"ಯಾಕ್ರಿ ಇಬ್ಬರೂ ಹಿಂಗ ನೋಡಾಕತ್ತೀರಿ?" ಗಂಗತ್ತೆ ನಕ್ಕಳು. ನಗುತ್ತಿದ್ದವಳ ಹಣೆಯ ಮೇಲೆ ಬೆವರು ಮೂಡಿತು. ಬಾಚಣಿಕೆ ಕೈಯಿಂದ ಜಾರಿತು.

ಟಂಟಂ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಆಯಿ, ಗಂಗತ್ತೆ ಇಬ್ಬರೂ ವಾಂತಿ ಮಾಡಿ ಮಾಡಿ ಸೋತಿದ್ದರು. ದವಾಖಾನೆಯಲ್ಲಿ ಇಬ್ಬರಿಗೂ ಸಲೈನ್ ಹಚ್ಚಿದರು. "ಲಗೂ ಬಂದೀರಿ, ಛಲೋ ಆತು" ಎಂದರು ಡಾಕ್ಟರು. ಮೂರು ದಿನದ ಮೇಲೆ ಗಂಗತ್ತೆ ಎದ್ದು ಕುಳಿತಳು. ಹೊಟ್ಟೆಯ ಕೂಸಿಗೆ ಏನೂ ಆಗಿರಲಿಲ್ಲ. ದೀಪಾವಳಿಯ ನಂತರ ಹೆಣ್ಣುಮಗು ಹುಟ್ಟಿತು.

ದವಾಖಾನೆಯಲ್ಲಿ ಒಮ್ಮೆ ಆಯಿ ನನ್ನ ಕೈ ಹಿಡಿದು ಕೇಳಿದಳು: "ಆವತ್ತ ಮುಂಜಾನಿ ಏನೋ ಹೇಳಾಕ ಬಂದಿದ್ದೆಲ್ಲವ್ವಾ?"

"ಇಲ್ಲ ಆಯಿ" ಎಂದೆ.

ಆಮೇಲೆ ಅವಳು ಅಣಬೆ ಮುಟ್ಟಲೇ ಇಲ್ಲ. ಯಾರಾದರೂ ಬುಟ್ಟಿ ತಂದು ಕೇಳಿದರೆ, "ನನಗ ಕಾಣಂಗಿಲ್ರೆವ್ವಾ" ಎಂದು ಕಳಿಸಿಬಿಡುತ್ತಿದ್ದಳು. ಅವಳಿಂದ ಆ ಮಾತು ಹೇಳಿಸಿದವಳು ನಾನು ಎನಿಸುತ್ತಿತ್ತು. ನಾಲ್ಕು ವರ್ಷದ ನಂತರ ಅವಳು ತೀರಿಕೊಂಡಳು. ಅಷ್ಟರೊಳಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಹುತ್ತಗಳೆಲ್ಲ ಟ್ರ್ಯಾಕ್ಟರಿಗೆ ಸಿಕ್ಕು ನೆಲಸಮವಾಗಿವೆ. ಊರಿನವರು ಅಣಬೆಯನ್ನು ಪೇಟೆಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತರುತ್ತಾರೆ. ಹೋದ ಮಳೆಗಾಲ ಊರಿಗೆ ಹೋದಾಗ ಬದುವಿನಲ್ಲಿ ಮೂರು ಬಿಳಿ ಅಣಬೆ ಎದ್ದಿದ್ದವು. ಮಂಡಿಯೂರಿ ಕುಳಿತು ನೆತ್ತಿ ನೋಡಿದೆ, ದಂಟು ಸವರಿದೆ, ಬುಡದ ಮಣ್ಣು ಕೆದರಿದೆ. ತಿನ್ನಬಹುದು ಎನಿಸಿತು. ಹೌದು ಎನ್ನಲು ಯಾರೂ ಇರಲಿಲ್ಲ. ಕೈ ತೊಳೆದುಕೊಂಡು ಮನೆಗೆ ಬಂದೆ.