ತಿಕೋಟಾ ದಾರಿಯಲ್ಲಿ ಹೂಣರು

ಬಬಲೇಶ್ವರದ ನೇರ ಬಸ್ಸು ಕಣ್ಣೆದುರೇ ಹೋಯಿತು. ಮಗಳು ಗೌರಿ ಹನ್ನೊಂದಕ್ಕೆ ಅಲ್ಲಿನ ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಒಪ್ಪಿದರೆ ಇತಿಹಾಸ ಶಿಕ್ಷಕಿಯ ಕೆಲಸ. ಎರಡು ಶಾಲೆಯವರು ಆಗಲೇ ಬೇಡವೆಂದಿದ್ದರು. ವಿಜಯಪುರದಿಂದ ತಿಕೋಟಾ ಬಸ್ಸು ಹತ್ತಿದೆವು, ಅಲ್ಲಿಂದ ಜೀಪು ಹಿಡಿದರಾಯಿತೆಂದು. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಿಟಕಿಯ ಸೀಟೂ ಸಿಕ್ಕಿತು. ದೇವರು ಅಷ್ಟು ಕೊಟ್ಟ.

ಪಾಠ ರೋಮನ್ನರ, ಹೂಣರ ಯುದ್ಧದ್ದು. ಹೂಣರು ದನ-ಕುರಿ ಮೇಯಿಸುತ್ತ ಕುದುರೆಯ ಮೇಲೆ ತಿರುಗುವ ಜನ. ರೋಮನ್ನರು ಅವರನ್ನು ಸಂಬಳಕ್ಕೆ ಸೈನಿಕರನ್ನಾಗಿ ಇಟ್ಟುಕೊಂಡಿದ್ದರು, ಆಮೇಲೆ ಅವರೊಡನೆಯೇ ಕಾದಿದರು. ಒಂದು ದೊಡ್ಡ ಕಾಳಗದಲ್ಲಿ ಗಾಥರೆಂಬ ಇನ್ನೊಂದು ಪಂಗಡವನ್ನು ಜೊತೆ ಮಾಡಿಕೊಂಡು ಹೂಣರನ್ನು ಅವರ ಬಂಡಿಗಳ ನಡುವೆಯೇ ಕೂಡಿಹಾಕಿದರಂತೆ. ಆದರೂ ರೋಮನ್ ಸೇನಾಪತಿ ಬಿಟ್ಟುಬಿಟ್ಟ.

"ಯಾಕ ಬಿಟ್ಟ?" ಎಂದೆ.

"ಹೂಣರು ಪೂರ್ತಿ ಮುಳುಗಿದ್ರ ಗಾಥರು ತಲಿಮ್ಯಾಲ ಕೂಡ್ತಿದ್ರು ಅಂತ ಬರದಾರ ಬೇ. ನನಗ ಬಾಯಿಪಾಠ ಐತಿ, ಹುಡುಗ್ರಿಗೆ ಹೆಂಗ ತಿಳಿಸ್ಲಿ?"

ಇಟ್ಟಂಗಿಹಾಳ ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ನಾಲ್ಕು ಕುರಿ ಪಕ್ಕದ ಕಡಲೆಗೆ ಬಾಯಿ ಹಾಕಿದ್ದವು. ಹೊಲದವನು ಬಡಿಗೆ ಹಿಡಿದು ಬಂದ.

"ಲೇ, ಕಣ್ಣು ಮನ್ಯಾಗ ಇಟ್ಟು ಬಂದಿಯೇನ?"

"ಬಾಯಿಲ್ಲದ ಜೀವ ಯಪ್ಪಾ," ಎಂದ ಕುರುಬ.

"ಬಾಯಿಲ್ದನ ಇಷ್ಟು ತಿಂದಾವ?"

ಬಸ್ಸೆಲ್ಲ ನಕ್ಕಿತು. ಕುರಿ ಹೊರಗೆ ಬಂದ ಮೇಲೆ ಬಡಿಗೆಯೂ ಇಳಿಯಿತು. "ಹೋಗು. ನಮ್ಮ ಜ್ವಾಳ ಕಿತ್ತ ಹೊಲ ಖಾಲಿ ಐತಿ, ಸಂಜಿಗೆ ಅಲ್ಲೇ ನಿಲ್ಲಿಸು. ಮಂದಿ ಹೊಲಕ್ಕ ಹೋದಿ ಅಂದ್ರ ನೋಡ ಮತ್ತ!" ಹಿಂಡು ಒಂದು ರಾತ್ರಿ ತಂಗಿದರೆ ನೆಲಕ್ಕೆ ಗೊಬ್ಬರ.

ಗೌರಿಯ ಮೊಣಕೈ ತಿವಿದೆ. "ನಾಳಿಗೆ ಬೇಕಾಗೋರನ್ನ ಯಾರೂ ಪೂರ್ತಿ ಓಡ್ಸಂಗಿಲ್ಲ. ಇದನ್ನ ಹೇಳು."

ತಿಕೋಟಾದಲ್ಲಿ ಜೀಪು ತುಂಬುವತನಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಬಲೇಶ್ವರ ಮುಟ್ಟಿದೆವು. ಅದೂ ಅವನ ಕೃಪೆಯೇ.

ಶಾಲೆಯ ಕಟ್ಟೆಯ ಮೇಲೆ ಕೂತು ಕೇಳಿದೆ. ಕುರಿಯ ಮಾತಿಗೆ ಮಕ್ಕಳು ನಕ್ಕರು. ಆಗ ಒಬ್ಬ ಹುಡುಗಿ ಎದ್ದಳು: "ಬಿಟ್ಟ ಮ್ಯಾಲ ಹೂಣರು ಸುಮ್ನ ಕುಂತ್ರೇನ್ರಿ ಟೀಚರ್?"

ಕುರಿಯ ಮಾತು ಹೇಳಿಕೊಟ್ಟವಳು ನಾನೇ. ದೇವರ ನಾಮ ಹಿಡಿದೆ.

"ಇಲ್ಲ," ಎಂದಳು ಗೌರಿ. "ಮರುವರ್ಷ ರೋಮನ್ನರ ನಾಡಿಗೇ ಬಂದು ಊರು ಸುಟ್ಟರು. ಬಿಟ್ಟಿದ್ದು ತಪ್ಪೋ ಸರಿಯೋ, ನನಗೂ ಗೊತ್ತಿಲ್ಲ. ನೀವು ಏನಂತೀರಿ?"

ಇಡೀ ತರಗತಿ ಒಮ್ಮೆಲೇ ಮಾತಾಡಿತು. ಹೆಡ್‌ಮಾಸ್ತರರು ಹೊರಗೆ ಬಂದು, "ಸೋಮವಾರದಿಂದ ಬರ್ಲಿ ಬಿಡ್ರಿ," ಎಂದರು.

ಕಾಗದಪತ್ರ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಮರಳಲು ನೇರ ಬಸ್ಸಿತ್ತು. ಗೌರಿಯೇ ತಿಕೋಟಾ ಮೇಲೆ ಹೋಗೋಣವೆಂದಳು. ಇಳಿಬಿಸಿಲಿಗೆ ಜೋಳದ ಹೊಲದ ತುಂಬ ಕುರಿ. ಹೊಲದವನೂ ಕುರುಬನೂ ಒಂದೇ ತಂಬಿಗೆಯ ನೀರು ಕುಡಿಯುತ್ತಿದ್ದರು. ಕಡಲೆಯ ಬದುವಿಗೆ ಮಾತ್ರ ಹೊಸದಾಗಿ ಜಾಲಿಮುಳ್ಳು ಬಿದ್ದಿತ್ತು.