ಬೆಕ್ಕು ಮಾತ್ರ ಕೂತ ಕುರ್ಚಿ

ನಮ್ಮ ಸಾಮಲ್ ಅಜ್ಜ ಮೂವತ್ತೆಂಟು ವರ್ಷ ನೋಲ್ಸೊಯ್ ದ್ವೀಪದ ಕಟ್ಟೆಯ ಮೇಲೆ ನಿಂತು ದೋಣಿಯ ಹಗ್ಗ ಹಿಡಿದವನು. ತೋರ್ಸ್‌ಹಾವ್ನ್ ಪಟ್ಟಣದಿಂದ ದಿನಕ್ಕೆ ಐದಾರು ಸಲ ದೋಣಿ ಬರುತ್ತದೆ. ದೋಣಿಯವರು ಹಗ್ಗ ಎಸೆಯುತ್ತಿದ್ದರು, ಇವನು ಹಿಡಿದು ಗೂಟಕ್ಕೆ ಸುತ್ತುತ್ತಿದ್ದ. ಇದನ್ನು ಹೊರತುಪಡಿಸಿದರೆ ಅವನು ಬದುಕಿನಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಒಂದು ಕುರ್ಚಿಯ ಮೇಲೆ ಕೂರದೆ ಇದ್ದದ್ದು.

ಗಂಡ ಮೀನಿನ ಹಡಗಿನಲ್ಲಿ ಎರಡು ತಿಂಗಳಿಗೆ ಹೋದದ್ದರಿಂದ ನಾನು ಎಂಟು ತಿಂಗಳ ಮಗಳು ಸುನ್ವಾಳನ್ನು ಎತ್ತಿಕೊಂಡು ಫೆಬ್ರವರಿಯಲ್ಲಿ ಅಜ್ಜನ ಮನೆಗೆ ಬಂದೆ. ಬಂದ ದಿನವೇ ಆ ಕುರ್ಚಿ ನನ್ನ ನಿದ್ದೆ ಕೆಡಿಸಿತು. ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಅದರ ಜಾಗ. ಓಕ್ ಮರದ್ದು, ನೆಟ್ಟನೆಯ ಎತ್ತರದ ಬೆನ್ನು, ನಾಲ್ಕು ಮೂಲೆಗೂ ಚೂಪು. ಒಂದು ಕೈಯಿಂದ ಇನ್ನೊಂದು ಕೈಗೆ ಉಣ್ಣೆಯ ಹಗ್ಗ ಬಿಗಿದಿದೆ, ಯಾರೂ ಕೂರದಿರಲೆಂದು. ಮಗು ಅಂಬೆಗಾಲಿಟ್ಟು ನೇರ ಅದರ ಕಡೆಗೇ ಹೋಗುತ್ತಿತ್ತು. ಕೋಪನ್‌ಹೇಗನ್ನಿನಲ್ಲಿ ಓದಿದವಳು ನಾನು. ಮಕ್ಕಳ ಸುರಕ್ಷತೆಯ ಮೇಲೆ ಮೂರು ಪುಸ್ತಕ ಮುಗಿಸಿದ್ದೆ. ಮೂರರಲ್ಲಿಯೂ ಇಂಥ ಕುರ್ಚಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಅಜ್ಜಾ, ಇದನ್ನ ಅಟ್ಟಕ್ಕೆ ಹಾಕೋಣ" ಅಂದೆ.

"ಅಟ್ಟಕ್ಕಾ? ಅವನು ಬಂದ್ರೆ ಅಟ್ಟ ಹತ್ತಿಸ್ತೀಯಾ?"

"ಯಾರು ಬಂದ್ರೆ?"

ಬಿಲ್ಲಾ ಅಜ್ಜಿ ಒಲೆಯ ಮುಂದಿನಿಂದ ತಿರುಗದೆ ಹೇಳಿದಳು: "ಕೇಳ್ಬೇಡ ಮಗಳೇ. ಕಾಫಿ ಆರೋಗುತ್ತೆ."

ಕಾಫಿ ಆರಿಹೋಯಿತು. ಡೆನ್ಮಾರ್ಕಿಗೆ ಸೇರಿದ ನಮ್ಮ ದ್ವೀಪಗಳ ಸರ್ಕಾರ ನಡೆಸುವವನನ್ನು ನಾವು ಲೋಗ್‌ಮಾವುರ್ ಎನ್ನುತ್ತೇವೆ, ಕಾನೂನು ಬಲ್ಲವನು ಎಂದು. ಹಳೆಯ ಕಾಲದಿಂದ ಇದ್ದ ಆ ಪದವಿಯನ್ನು ಸಾವಿರದ ಎಂಟುನೂರ ಹದಿನಾರರಲ್ಲಿ ಡೆನ್ಮಾರ್ಕಿನ ದೊರೆ ರದ್ದು ಮಾಡಿದ. ಆ ದಿನ ಲೋಗ್‌ಮಾವುರನ ಆಳಾಗಿದ್ದವನು ನಮ್ಮ ಮನೆತನದ ಹಿರಿಯ. ಯಜಮಾನ ಅವನನ್ನು ಕರೆದು, "ಈ ಕುರ್ಚಿ ತಗೊಂಡು ಹೋಗು. ಲೋಗ್‌ಮಾವುರ್ ವಾಪಸ್ ಬರೋವರೆಗೂ ಯಾರನ್ನೂ ಕೂರಿಸ್ಬೇಡ" ಎಂದನಂತೆ. ಹಿರಿಯ ಕುರ್ಚಿಯನ್ನು ದೋಣಿಗೆ ಹಾಕಿಕೊಂಡು ನೋಲ್ಸೊಯ್‌ಗೆ ತಂದ. ಇದು ನಮ್ಮ ಮನೆಯ ಕಥೆ. ಅಜ್ಜಿಯ ಕಥೆ ಬೇರೆ: "ಆ ಯಜಮಾನನಿಗೆ ಮನೇಲಿ ಜಾಗ ಇರ್ಲಿಲ್ಲ, ಒಲೆಗೆ ಹಾಕೋಕೆ ಮನಸ್ಸಾಗ್ಲಿಲ್ಲ. ಸಿಕ್ಕಿದ್ದು ನಿಮ್ಮ ಮುತ್ತಾತ."

ನೂರಮೂವತ್ತೆರಡು ವರ್ಷ ಲೋಗ್‌ಮಾವುರ್ ಎಂಬುವನೇ ಇರಲಿಲ್ಲ. ಕುರ್ಚಿ ಇತ್ತು. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ನಮಗೆ ನಮ್ಮದೇ ಆಡಳಿತ ಸಿಕ್ಕಿ ಆ ಪದವಿ ಮತ್ತೆ ಹುಟ್ಟಿದಾಗ ಅಜ್ಜನ ಅಪ್ಪ ಕುರ್ಚಿಯನ್ನು ತೊಳೆದು, ಒರೆಸಿ, ದೋಣಿಯಲ್ಲಿಟ್ಟು, ತಾನೇ ಹುಟ್ಟುಹಾಕಿ ಎದುರು ದಡಕ್ಕೆ ಹೋದ. ಆರು ವರ್ಷದ ಸಾಮಲ್ ಆ ದೋಣಿಯ ಮೂತಿಯಲ್ಲಿ ಕೂತಿದ್ದ. ಟಿಂಗನೇಸ್‌ನಲ್ಲಿ, ಅಂದರೆ ಹುಲ್ಲುಮಾಡಿನ ಕೆಂಪು ಮನೆಗಳಲ್ಲಿ ಸರ್ಕಾರ ಕೂರುವ ಆ ಬಂಡೆಯ ಮೇಲೆ, ಬಾಗಿಲಲ್ಲಿ ನಿಂತಿದ್ದ ಯಾರೋ ಒಬ್ಬ ಹೇಳಿದನಂತೆ: "ಉಪಕಾರ ಆಯ್ತು. ಹೊಸ ಕುರ್ಚಿಗಳು ಬಂದಿವೆ. ಇದು ಮೇಜಿನ ಕೆಳಗೆ ಹೋಗೋದೂ ಇಲ್ಲ."

ತಂದ ಕುರ್ಚಿ ಹಾಗೇ ವಾಪಸು ಬಂತು. ಆ ಚಳಿಗಾಲದಲ್ಲಿ ಹಳ್ಳಿಯವರು ಇದರ ಮೇಲೆ ಹನ್ನೆರಡು ನುಡಿಯ ಅಣಕದ ಹಾಡು ಕಟ್ಟಿದರು. ನಮ್ಮಲ್ಲಿ ಅಂಥ ಹಾಡನ್ನು ಕೈ ಕೈ ಹಿಡಿದು ವರ್ತುಲದಲ್ಲಿ ಕುಣಿಯುತ್ತ ಹೇಳುವುದು. ಯಾರ ಮೇಲೆ ಹಾಡೋ ಅವನನ್ನು ಇಬ್ಬರು ಗಟ್ಟಿಗರು ಎರಡೂ ಕಡೆ ಹಿಡಿದು ಕೊನೆಯ ನುಡಿಯವರೆಗೂ ಕುಣಿಸುವುದು ಪದ್ಧತಿ. ಅಜ್ಜನ ಅಪ್ಪ ಹನ್ನೆರಡೂ ನುಡಿ ಕುಣಿದ. ಆಮೇಲೆ ಮನೆಗೆ ಬಂದು ಕುರ್ಚಿಗೆ ಹೊಸ ಹಗ್ಗ ಬಿಗಿದು ಹೇಳಿದ: "ಲೋಗ್‌ಮಾವುರ್ ಬಂದಿದ್ದಾನೆ, ನಮ್ಮ ಮನೆಗೆ ಬಂದಿಲ್ಲ ಅಷ್ಟೇ. ತಾನಾಗೇ ಬರ್ತಾನೆ. ನಾವು ಕರೆಯೋಕೆ ಹೋಗ್ಬಾರದು."

ಅಂದಿನಿಂದ ಕಾಯುವುದು ಸಾಮಲ್ ಅಜ್ಜನ ಪಾಲಿಗೆ ಬಂತು. ಒಬ್ಬನೇ ಒಬ್ಬ ಲೋಗ್‌ಮಾವುರ್ ಬಂದು ಆ ಕುರ್ಚಿಯನ್ನು ಒಪ್ಪಿಕೊಂಡರೆ ಅಪ್ಪ ಕುಣಿದ ಕುಣಿತಕ್ಕೆ ಒಂದು ಅರ್ಥ ಬರುತ್ತದೆಂದು ಅವನ ನಂಬಿಕೆ. ನಮ್ಮದು ಎಷ್ಟು ದೊಡ್ಡ ದೇಶ! ಲೋಗ್‌ಮಾವುರ್ ಅಂಗಡಿಯಲ್ಲಿ ನಿಮ್ಮ ಹಿಂದೆಯೇ ಹಾಲಿಗೆ ನಿಂತಿರುತ್ತಾನೆ. ಆದರೂ ಮುಕ್ಕಾಲು ಶತಮಾನದಲ್ಲಿ ಕೆಲಸ ಆಗಲಿಲ್ಲ. ಒಬ್ಬ ಬಂದ, ಬೆನ್ನುನೋವು, ನಿಂತೇ ಕಾಫಿ ಕುಡಿದ. ಒಬ್ಬ ಕುರಿಮಾಂಸ ಕೊಳ್ಳಲು ಬಂದ. ಪ್ಯಾಂಟಿಗೆ ಮೀನೆಣ್ಣೆ ಮೆತ್ತಿದೆ ಎಂದು, ಒಲೆಗೆ ಹಾಕುವ ಒಣಮಣ್ಣಿನ ಹೆಂಟೆ ತುಂಬಿದ ಪೀಟಿನ ಪೆಟ್ಟಿಗೆಯ ಮೇಲೆ ಕೂತ. ಇನ್ನೊಬ್ಬ ಹಗ್ಗ ಬಿಚ್ಚುವಷ್ಟರಲ್ಲಿ, "ನಿನ್ನೆ ರಾಜೀನಾಮೆ ಕೊಟ್ಟೆ, ರೇಡಿಯೋ ಕೇಳ್ಲಿಲ್ವಾ?" ಅಂದ. ಅಜ್ಜ ಹಗ್ಗ ಮತ್ತೆ ಬಿಗಿದ.

ಹಗ್ಗದ ಕೆಳಗೆ ನುಸುಳಿ ಅಲ್ಲಿ ಮಲಗುತ್ತಿದ್ದದ್ದು ಬೆಕ್ಕು ಮಾತ್ರ. "ನಮ್ಮ ಲೋಗ್‌ಮಾವುರ್ ಇದೇ" ಎನ್ನುತ್ತಿದ್ದಳು ಅಜ್ಜಿ. "ರಾಜೀನಾಮೇನೂ ಕೊಡಲ್ಲ, ಕೆಲಸಾನೂ ಮಾಡಲ್ಲ."

ಬೆಳಿಗ್ಗೆ ಎದ್ದರೆ ಅಜ್ಜನ ಮೊದಲ ಕೆಲಸ ಕಿಟಕಿಯಲ್ಲಿ ದೂರದರ್ಶಕ ಹಿಡಿಯುವುದು. ಕೊಲ್ಲಿಯ ಆಚೆ ಟಿಂಗನೇಸ್‌ನ ದೀಪಗಳು ಕಾಣುತ್ತವೆ. "ಎಂಟೂಮುಕ್ಕಾಲು. ಇನ್ನೂ ದೀಪ ಇಲ್ಲ. ಸೋಮಾರಿ." ಸಂಜೆಯಾದರೆ, "ಆರು ಗಂಟೆಯಾದ್ರೂ ದೀಪ ಆರಿಲ್ಲ. ಏನೋ ಎಡವಟ್ಟು ಮಾಡ್ಕೊಂಡಿದಾನೆ." ಈಗಿನವನು ಬ್ರಾಂದುರ್ ಎಂಬ ಮೂವತ್ತೇಳರ ಹುಡುಗ. ಅವನ ಕೋಣೆಯ ದೀಪ ಎರಡು ವಾರದಿಂದ ಹೊತ್ತಿರಲಿಲ್ಲ. ಅಜ್ಜನಿಗೆ ಅದೇ ಚಿಂತೆ. ನನಗೆ ಸುನ್ವಾಳ ಕೆಮ್ಮಿನ ಚಿಂತೆ. ಅದು ಕೆಮ್ಮಲ್ಲ, ನಗು ಎಂದು ಅಜ್ಜಿ ನಾಲ್ಕು ಸಲ ಹೇಳಿದ್ದಳು.

ಗುರುವಾರ ಮಧ್ಯಾಹ್ನ ಮಗುವನ್ನು ಗಾಡಿಯಲ್ಲಿ ಮಲಗಿಸಿ ಕಟ್ಟೆಯವರೆಗೆ ತಳ್ಳಿಕೊಂಡು ಹೋಗಿದ್ದೆ. ಗಾಳಿ ಎದ್ದಿತು. ಸಂಜೆಯ ದೋಣಿ ತಡ ಎಂದು ಹಲಗೆ ನೇತುಹಾಕಿದರು. ಅಲ್ಲಿ ಇನ್ನೊಂದು ಮಕ್ಕಳ ಗಾಡಿ, ಅದರೊಳಗೆ ಗಂಟಲು ಹರಿಯುವಂತೆ ಅಳುವ ಒಂದು ಕೂಸು, ಪಕ್ಕದಲ್ಲಿ ವಾಪಸು ಹೋಗುವ ದೋಣಿಗೆ ಕಾಯುತ್ತ, ತಣ್ಣಗಿನ ಹಾಲಿನ ಬಾಟಲಿಯನ್ನು ಕಂಕುಳಲ್ಲಿ ಬಿಸಿ ಮಾಡಿಕೊಳ್ಳಲು ಹೆಣಗುತ್ತಿದ್ದ ಒಬ್ಬ ಗಂಡಸು. ಹಾಗೆ ಮಾಡಿದರೆ ಹಾಲು ಕೆಡುತ್ತದೆಂದು ಹೇಳಲು ಹೋದೆ. ಅವನು ತಲೆ ಎತ್ತಿದ. ಬ್ರಾಂದುರ್!

ಕರೆಯಬಾರದು ಎಂಬುದು ಮನೆಯ ನಿಯಮ. ಆದರೆ ಕೂಸು ಅಳುತ್ತಿತ್ತು. "ಹಾಲು ಬಿಸಿ ಮಾಡ್ಕೊಡ್ತೀನಿ, ಮಗೂನ ಕರ್ಕೊಂಡ್ಬನ್ನಿ" ಅಂದೆ. ಕರೆದದ್ದು ಮಗುವನ್ನು, ಅವನನ್ನಲ್ಲ. ಅವನು ಜೊತೆಗೆ ಬಂದದ್ದಕ್ಕೆ ನಾನು ಹೊಣೆಯಲ್ಲ.

ನಾವು ಬಾಗಿಲು ತೆರೆದಾಗ ಅಜ್ಜ ದೂರದರ್ಶಕದಲ್ಲಿ ಟಿಂಗನೇಸ್ ಕಡೆ ನೋಡುತ್ತ, "ಇವತ್ತೂ ದೀಪ ಇಲ್ಲ" ಎನ್ನುತ್ತಿದ್ದ. ತಿರುಗಿದ. ದೂರದರ್ಶಕ ನಿಧಾನಕ್ಕೆ ಕೆಳಗಿಳಿಯಿತು.

"ಬಂದ್ಯಾ?" ಅಂದ, ಸಂತೆಗೆ ಹೋದವನು ತಡವಾಗಿ ಮನೆಗೆ ಬಂದಂತೆ.

ಕುರ್ಚಿಯ ಹಗ್ಗದ ಗಂಟು ಬಿಚ್ಚತೊಡಗಿದ. ಮೂವತ್ತೆಂಟು ವರ್ಷ ಗಂಟು ಹಾಕಿ ಬಿಚ್ಚಿದವನಿಗೆ ಆ ಗಂಟು ಬಿಚ್ಚಲು ಬರಲಿಲ್ಲ. ಅಜ್ಜಿ ಬೆಕ್ಕನ್ನು ಎತ್ತಿ ಕೆಳಗೆ ಬಿಟ್ಟಳು. ಹಾಲು ಬಿಸಿಯಾಗುವಷ್ಟರಲ್ಲಿ ಬ್ರಾಂದುರ್‌ಗೆ ಇಡೀ ಕಥೆ ಸಿಕ್ಕಿತ್ತು, ಅಜ್ಜಿಯ ತಿದ್ದುಪಡಿಗಳ ಸಮೇತ. ಕೊನೆಗೂ ಗಂಟು ಬಿಚ್ಚಿತು.

"ಕೂತ್ಕೋ" ಅಂದ ಅಜ್ಜ.

ಬ್ರಾಂದುರ್ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ. ಮುಖ ಕೆಂಪಾಗಿತ್ತು. "ಅಜ್ಜಾ, ಒಂದು ಮಾತು. ನಾನು ಈಗ ರಜೆಯಲ್ಲಿದೀನಿ. ಮಗು ನೋಡ್ಕೊಳ್ಳೋ ರಜೆ. ಸಹಿ ಹಾಕೋದೆಲ್ಲ ನನ್ನ ಕೈಕೆಳಗಿನವರು. ಸೋಮವಾರ ಒಂಬತ್ತು ಗಂಟೆವರೆಗೂ ನಾನು... ಇವನ ಅಪ್ಪ ಅಷ್ಟೇ."

ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ನಾನು ಅವನ ಕಾಲು ತುಳಿಯಲು ನೋಡಿದೆ, ತಡವಾಗಿತ್ತು.

ಅಜ್ಜ ಬಗ್ಗಿ ಹಗ್ಗ ಎತ್ತಿಕೊಂಡ.

"ಸಾಮಲ್!" ಅಜ್ಜಿ ಸೌಟು ಎತ್ತಿದಳು. "ಇನ್ನೂರು ವರ್ಷ ಕಾದು, ಬಂದವನನ್ನ ನಿಲ್ಲಿಸ್ತೀಯಾ? ಬೆಕ್ಕು ಕೂತಾಗ ಯಾವ ಕಾಗದ ಕೇಳಿದ್ದೆ?"

"ಬೆಕ್ಕು ತಾನು ಲೋಗ್‌ಮಾವುರ್ ಅಲ್ಲ ಅಂತ ಹೇಳ್ಲಿಲ್ಲ. ಇವನು ಹೇಳಿದಾನೆ."

ಬ್ರಾಂದುರ್ ಪೀಟಿನ ಪೆಟ್ಟಿಗೆಯ ಮೇಲೆ ಕೂತು ಮಗುವಿಗೆ ಹಾಲು ಕುಡಿಸಿದ, ತಾನು ರುಬಾರ್ಬ್ ಎಂಬ ಹುಳಿದಂಟಿನ ಜಾಮ್ ಸವರಿದ ನಾಲ್ಕು ಪ್ಯಾನ್‌ಕೇಕ್ ತಿಂದ. ಹೊರಡುವಾಗ ಕೇಳಿದ: "ಅಜ್ಜಾ, ಒಂದ್ಸಲಾನಾದ್ರೂ ನೀವೇ ಕೂತು ನೋಡ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ದೆ ಏನು! ಆದ್ರೆ ನಂಗೆ ಯಾರೂ ಕೂತ್ಕೋ ಅಂತ ಹೇಳಿಲ್ಲ. ಹೇಳಬೇಕಾದವನು ಲೋಗ್‌ಮಾವುರ್ ಒಬ್ಬನೇ."

ಅವನು ದೋಣಿ ಹತ್ತಿ ಹೋದ. ಮತ್ತೆ ಬರುತ್ತೇನೆಂದು ಹೇಳಲಿಲ್ಲ. ಅಜ್ಜ ಮೂರು ದಿನ ದೂರದರ್ಶಕ ಮುಟ್ಟಲಿಲ್ಲ. ಸಾರಿನಲ್ಲಿ ಮಾಂಸದ ತುಂಡು ಬಿಟ್ಟ. ಎಂಬತ್ತೊಂದು ವಯಸ್ಸು, ಬಡಿತ ತಪ್ಪದಿರಲೆಂದು ಎದೆಯಲ್ಲಿ ಕೂರಿಸಿದ ಯಂತ್ರ. ನಾನು ಕಟ್ಟೆಗೆ ಹೋಗದೆ ಇದ್ದಿದ್ದರೆ ಅವನು ಇನ್ನೂ ಹತ್ತು ವರ್ಷ ಖುಷಿಯಾಗಿ ಕಾಯುತ್ತಿದ್ದನೋ ಏನೋ. ರಾತ್ರಿ ಮಗುವಿನ ಉಸಿರು ಕೇಳಿ, ಆಮೇಲೆ ಅಜ್ಜನ ಕೋಣೆಯ ಬಾಗಿಲಿಗೂ ಕಿವಿಯಿಟ್ಟು ಬರುತ್ತಿದ್ದೆ. "ಇಬ್ಬರೂ ಉಸಿರಾಡ್ತಿದಾರೆ, ಹೋಗಿ ಬಿದ್ಕೋ" ಎಂದು ಒಳಗಿನಿಂದ ಅಜ್ಜಿ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿರುವಾಗ ದೂರದರ್ಶಕ ಕೈಗೆ ತೆಗೆದುಕೊಂಡವಳು ಅಜ್ಜಿ. ಹೊರಗೆ ಮೋಡದ ಮಬ್ಬು. "ಹೊತ್ತಿತು" ಅಂದಳು.

ಒಂಬತ್ತು ಹೊಡೆಯುತ್ತಲೇ ಫೋನು ಬಡಿದುಕೊಂಡಿತು. ಅಜ್ಜ ಎತ್ತಿದ. ಆಚೆಯ ದನಿ ಇಡೀ ಅಡುಗೆಮನೆಗೆ ಕೇಳುವಷ್ಟು ಜೋರಾಗಿತ್ತು.

"ಲೋಗ್‌ಮಾವುರ್ ಮಾತಾಡ್ತಿರೋದು."

ಅಜ್ಜ ಟೊಪ್ಪಿಗೆ ತೆಗೆದ.

"ನಾವು ವಾಪಸ್ ಬಂದಿದೀವಿ ಅಜ್ಜಾ. ನಲವತ್ತೆಂಟರಲ್ಲೇ ಬಂದ್ವಿ, ನಿಮ್ಮನೆಗೆ ತಿಳಿಸೋದು ಮರೆತ್ವಿ. ಕಾಯೋ ಕೆಲಸ ಇವತ್ತಿಗೆ ಮುಗೀತು. ಹಗ್ಗ ಬಿಚ್ಚಿ. ಆ ಕುರ್ಚೀಲಿ ನೀವೇ ಕೂತ್ಕೊಳ್ಳಿ."

"ಇದು ಅಪ್ಪಣೆನಾ?"

"ಅಪ್ಪಣೆ."

ಅಜ್ಜ ಎರಡು ಸಲ ಕೆಮ್ಮಿ, "ಬರೆದು ಕಳಿಸ್ತೀಯಾ?" ಅಂದ.

ಆಚೆ ಕಡೆ ನಗು. "ಮಧ್ಯಾಹ್ನದ ದೋಣೀಲಿ ಬರುತ್ತೆ."

ಮಧ್ಯಾಹ್ನದವರೆಗೂ ಅಜ್ಜ ಕೂರಲಿಲ್ಲ, ಯಾವ ಕುರ್ಚಿಯಲ್ಲೂ. ಕಟ್ಟೆಗೆ ಹೋಗಿ ನಿಂತ. ದೋಣಿ ಬಂದಾಗ ಹಳೆಯ ಅಭ್ಯಾಸದಲ್ಲಿ ಹಗ್ಗಕ್ಕೆ ಕೈಚಾಚಿದ. ಬದಲಿಗೆ ಲಕೋಟೆ ಕೊಟ್ಟರು. ಸರ್ಕಾರದ ಟಗರಿನ ಮುದ್ರೆ, ಎರಡು ಸಾಲು, ಸಹಿ, ತಾರೀಖು. ಮನೆಗೆ ಬಂದು ಮೂರು ಸಲ ಓದಿದ, ಒಂದು ಸಲ ಗೋಡೆಯ ಮೇಲಿನ ಅಪ್ಪನ ಪಟದ ಕಡೆ ತಿರುಗಿ ಗಟ್ಟಿಯಾಗಿ. ಈ ಸಲ ಗಂಟು ಒಂದೇ ಎಳೆತಕ್ಕೆ ಬಿಚ್ಚಿತು.

ಕೂತ. ಕುರ್ಚಿ ಕಿರ್ರೆಂದಿತು. ನಾನು ಮಗುವನ್ನು ಅವುಚಿಕೊಂಡೆ. ಕುರ್ಚಿಯ ಕಾಲು ಮುರಿದರೆ ಎಂಬ ಭಯವೊಂದು, ಅವನ ಎದೆಯ ಯಂತ್ರ ಎಂಬುದೊಂದು. ಅಜ್ಜ ಕಣ್ಣು ಮುಚ್ಚಿದ್ದ. ಕೆನ್ನೆ ಒದ್ದೆಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ಪಕ್ಕಕ್ಕೆ ಜರುಗಿದ. ಮತ್ತೆ ಇನ್ನೊಂದು ಪಕ್ಕಕ್ಕೆ.

"ಹೇಗಿದೆ?" ಅಂದಳು ಅಜ್ಜಿ.

"ಬೆನ್ನಿಗೆ ಒಂದು ಗೆಣ್ಣು ಚುಚ್ಚುತ್ತೆ. ಕಾಲು ನೆಲಕ್ಕೆ ಸರಿಯಾಗಿ ತಾಗಲ್ಲ." ಇನ್ನೊಮ್ಮೆ ಜರುಗಿದ. "ಇದ್ರಲ್ಲಿ ಕೂತು ಯಾವನು ರಾಜ್ಯ ಆಳ್ತಾನೆ!"

"ನಂಗೂ ಒಂದು ಕಾಗದ ತರಿಸು, ನೋಡೇಬಿಡ್ತೀನಿ."

ಅವನು ಏಳಲಿಲ್ಲ. ಕಾಗದ, ಪೆನ್ನು ಕೇಳಿದ. ತೊಡೆಯ ಮೇಲೆ ಮಣೆ ಇಟ್ಟುಕೊಂಡು ಬರೆದು, ಮರುದಿನದ ದೋಣಿಗೆ ಹಾಕಲು ನನ್ನ ಕೈಗೆ ಕೊಟ್ಟ. ಅಂಟಿಸಿರಲಿಲ್ಲ, ಓದಿದೆ.

"ಲೋಗ್‌ಮಾವುರ್‌ಗೆ. ಅಪ್ಪಣೆಯಂತೆ ಕೂತೆ. ನಲವತ್ತೆಂಟರಲ್ಲಿ ನೀವು ಹೊಸ ಕುರ್ಚಿ ತರಿಸಿದ್ದು ತಪ್ಪಲ್ಲ. ಸಾಮಲ್."